ಅರವತ್ತರಲ್ಲಿ ಹನ್ನೆರಡು: ಕಮ್ಯುನಿಟಿ ಕಾಲೇಜಿನ ಎಂಜಿನಿಯರಿಂಗ್ ಟೆಕ್ನಾಲಜಿ, ಒಂದು ಪ್ರಕರಣ

2024ರ ಫೆಬ್ರವರಿಯ ಒಂದು ಶನಿವಾರ. ಭಾವನ ಮನೆಯ ಊಟದ ಟೇಬಲ್ ಮೇಲೆ ಒಂದು ಪ್ರಿಂಟೌಟ್ ಇತ್ತು. ಅವರ ಮಗ ಇಲ್ಲಿ ಫ್ಲಾರಿಡಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಟೆಕ್ನಾಲಜಿ ಓದುತ್ತಿದ್ದ. 45 ಕ್ರೆಡಿಟ್ ಮುಗಿದಿತ್ತು, 15 ನಡೆಯುತ್ತಿತ್ತು. ಮೇ ತಿಂಗಳಿಗೆ 60 ಆಗಿ ಎರಡು ವರ್ಷದ ಡಿಗ್ರಿ ಕೈಗೆ ಬರಬೇಕು. ಆಮೇಲೆ ಸೀದಾ ವಿಶ್ವವಿದ್ಯಾಲಯಕ್ಕೆ ಹೋಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಮೂರನೇ ವರ್ಷಕ್ಕೆ ಸೇರುವುದು ಅಂತ ಮನೆಯವರೆಲ್ಲ ಲೆಕ್ಕ ಹಾಕಿದ್ದೆವು. ಆ ಪ್ರಿಂಟೌಟ್ ವಿಶ್ವವಿದ್ಯಾಲಯದವರು ಕಳಿಸಿದ್ದು. 60 ಕ್ರೆಡಿಟ್‌ಗಳಲ್ಲಿ ಅವರ ಡಿಗ್ರಿಗೆ ಲೆಕ್ಕಕ್ಕೆ ಬರುವುದು 12 ಅಂತ ಅದರಲ್ಲಿ ಬರೆದಿತ್ತು.

ಹನ್ನೆರಡು ಅಂದರೆ ನಾಲ್ಕು ಸಬ್ಜೆಕ್ಟು. ಇಂಗ್ಲಿಷ್, ಸ್ಪೀಚ್, ಹ್ಯುಮ್ಯಾನಿಟೀಸ್, ಸಮಾಜ ವಿಜ್ಞಾನ. ಮೂರನೇ ವರ್ಷಕ್ಕೆ ಕಾಲಿಡುತ್ತೇವೆ ಅಂದುಕೊಂಡವರಿಗೆ ಮೊದಲನೇ ಸೆಮಿಸ್ಟರ್ ಕೂಡ ಪೂರ್ತಿ ದಾಟಿಲ್ಲ ಅಂತ ಗೊತ್ತಾಯಿತು. ಭಾವ ಆ ಹಾಳೆಯನ್ನು ಎರಡು ಸಲ ಓದಿದರು. ಹಿಂದೆ ಏನಾದರೂ ಬರೆದಿದೆಯಾ ಅಂತ ತಿರುಗಿಸಿ ನೋಡಿದರು. ಆಮೇಲೆ ಮೆತ್ತಗೆ ಹೇಳಿದರು: "ಹಾಗಾದ್ರೆ ಇದೂ ಡಿಪ್ಲೊಮಾನೇ ಆಯ್ತಲ್ಲ."

ಆ ಒಂದು ಮಾತಿಗಾಗಿ ಈ ಪ್ರಕರಣ ಬರೆಯುತ್ತಿದ್ದೇನೆ. ಇಲ್ಲಿ ಕಾಲೇಜಿನ ತಪ್ಪು ಏನೂ ಇಲ್ಲ. ಅವರು ಮೊದಲ ದಿನವೇ ಕೊಟ್ಟ ಕೈಪಿಡಿಯಲ್ಲಿ ಎಲ್ಲವೂ ಇತ್ತು. ಓದಿದ್ದು ನಾವು, ಆದರೆ ಊರಿನ ಕಣ್ಣಿನಿಂದ ಓದಿದೆವು. ನಮ್ಮ ಜನ ಗ್ರೀನ್ ಕಾರ್ಡ್ ಮೇಲೆ ಮಕ್ಕಳನ್ನು ಕರೆದುಕೊಂಡು ಬಂದು, ಇದೇ ಬಾಗಿಲಲ್ಲಿ ನಿಂತು, ಇದೇ ಪ್ರಶ್ನೆಯನ್ನು ಇದೇ ತಪ್ಪು ರೀತಿಯಲ್ಲಿ ಕೇಳುವುದನ್ನು ಆಮೇಲೂ ನೋಡಿದ್ದೇನೆ.

ಹಿನ್ನೆಲೆ

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಪೀಣ್ಯದ ಒಂದು ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ದುಡಿದವರು. ಪವರ್ ಪ್ರೆಸ್ ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುತ್ತಿದ್ದರು. ಡಿಪ್ಲೊಮಾ ಆದ ಮೇಲೆ ಅವರ ಜೊತೆಯವರು ಕೆಲವರು ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಎರಡನೇ ವರ್ಷದ ಬಿಇಗೆ ಸೇರಿದರು. ಇವರ ಮನೆಯಲ್ಲಿ ದುಡ್ಡಿರಲಿಲ್ಲ, ಸೇರಲಿಲ್ಲ. ಆಮೇಲೆ ಅದೇ ಜೊತೆಯವರು ಇವರಿಗೆ ಮೇಲಧಿಕಾರಿಗಳಾಗಿ ಬಂದರು. ಕಾರ್ಖಾನೆಯಲ್ಲಿ ಎಲ್ಲರೂ ಕೇಳುತ್ತಿದ್ದದ್ದು ಇವರ ಮಾತನ್ನೇ, ಆದರೆ ಪ್ರಮೋಷನ್ ಪಟ್ಟಿಯಲ್ಲಿ ಇವರ ಹೆಸರು ಒಂದು ಮೆಟ್ಟಿಲ ಮೇಲೆ ಹತ್ತಲಿಲ್ಲ. "ನನ್ನ ಮಗನಿಗೆ ಹಾಗಾಗಬಾರದು" ಅನ್ನುವುದನ್ನು ನಾನು ಅವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ.

ಹುಡುಗ ತೊಟ್ಟಿಲಲ್ಲಿದ್ದಾಗ ನನ್ನ ಹೆಂಡತಿ ಅಣ್ಣನಿಗಾಗಿ ಹಾಕಿದ ಗ್ರೀನ್ ಕಾರ್ಡ್ ಅರ್ಜಿ. ವೀಸಾ ಸಿಕ್ಕಿ ಕುಟುಂಬ ಇಲ್ಲಿಗೆ ಬಂದಾಗ 2021. ಹುಡುಗ ಆಗಷ್ಟೇ ಸೆಕೆಂಡ್ ಪಿಯುಸಿ ಪಾಸಾಗಿದ್ದ. ಕರ್ನಾಟಕದಲ್ಲಿ ಆ ವರ್ಷ ಕೋವಿಡ್‌ನಿಂದ ಸೆಕೆಂಡ್ ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಫಸ್ಟ್ ಪಿಯು ಅಂಕ ನೋಡಿ ಫಲಿತಾಂಶ ಕೊಟ್ಟರು. ಅಂದರೆ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಎಲ್ಲ ಇವನು ಮೊಬೈಲ್ ಪರದೆಯಲ್ಲಿ ನೋಡಿದ್ದ, ಆದರೆ ಒಂದು ಸಲವೂ ಕೂತು ಪರೀಕ್ಷೆ ಬರೆದಿರಲಿಲ್ಲ. ಮುಂದೆ ಇದು ದೊಡ್ಡ ವಿಷಯವಾಯಿತು.

ಬಂದ ಕೂಡಲೇ ಸೇರಿಸಲಿಲ್ಲ. ಫ್ಲಾರಿಡಾದಲ್ಲಿ ಸ್ಥಳೀಯ ಶುಲ್ಕ ಸಿಗಬೇಕಾದರೆ 12 ತಿಂಗಳು ಇಲ್ಲಿ ನೆಲೆಸಿರಬೇಕು. ಇಲ್ಲದಿದ್ದರೆ ಫೀಸು ಮೂರು ನಾಲ್ಕು ಪಟ್ಟು. ಕಾದು, 2022ರ ಆಗಸ್ಟ್‌ನಲ್ಲಿ ಸೇರಿಸಿದೆವು. ಕ್ರೆಡಿಟ್‌ಗೆ ಸುಮಾರು 100 ಡಾಲರ್. ಗ್ರೀನ್ ಕಾರ್ಡ್ ಇದ್ದದ್ದರಿಂದ ಫಾಫ್ಸಾ, ಅಂದರೆ ಓದಿಗೆ ಸರ್ಕಾರದ ನೆರವು ಕೇಳುವ ಅರ್ಜಿ, ಹಾಕಬಹುದಿತ್ತು. ಭಾವನಿಗೆ ಗೋಡೌನ್‌ನಲ್ಲಿ ರಾತ್ರಿ ಪಾಳಿಯ ಕೆಲಸ, ಆದಾಯ ಕಡಿಮೆ. ಹಾಗಾಗಿ ಪೆಲ್ ಗ್ರಾಂಟ್ ಅನ್ನುವ, ತಿರುಗಿ ಕೊಡಬೇಕಿಲ್ಲದ ನೆರವು ಸಿಕ್ಕಿತು. ಆ ವರ್ಷ ಅದರ ಗರಿಷ್ಠ ಮೊತ್ತ 6,895 ಡಾಲರ್. ಫೀಸು ಕಟ್ಟಿ, ಪುಸ್ತಕ ಕೊಂಡು, ಹಳೇ ಕಾರಿನ ಪೆಟ್ರೋಲಿಗೂ ಉಳಿಯಿತು. ಎಚ್-4 ವೀಸಾದಲ್ಲಿ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಜೊತೆ ಸಿಗುವುದು) ಇರುವ ಮಕ್ಕಳಿಗೆ ಈ ಗ್ರಾಂಟ್ ಇಲ್ಲ, ಅದು ನೆನಪಿರಲಿ.

ದುಡ್ಡಿನ ವಿಷಯ ನಾವು ಸರಿಯಾಗಿ ನೋಡಿದೆವು. ಎಡವಿದ್ದು ಕೋರ್ಸಿನ ಹೆಸರಲ್ಲಿ.

ನಾವು ಕೇಳಿದ ಪ್ರಶ್ನೆ

ಕಾಲೇಜಿನ ಅಡ್ವೈಸರ್ ಹತ್ತಿರ ನಾನೇ ಜೊತೆಗೆ ಹೋಗಿದ್ದೆ. ಭಾವ ಕೇಳಿದ್ದು ಒಂದೇ ಪ್ರಶ್ನೆ: ಎಂಜಿನಿಯರಿಂಗ್ ಟೆಕ್ನಾಲಜಿ ಮಾಡಿದರೆ ಕ್ರೆಡಿಟ್ ಮುಂದೆ ಟ್ರಾನ್ಸ್‌ಫರ್ ಆಗುತ್ತಾ? ಅವರು ಆಗುತ್ತೆ ಅಂದರು. ಅದು ಸುಳ್ಳಲ್ಲ. ಕ್ರೆಡಿಟ್ ಟ್ರಾನ್ಸ್‌ಫರ್ ಆಗುವುದು ಬೇರೆ, ಹೋದ ಕಡೆ ಡಿಗ್ರಿಯ ಲೆಕ್ಕಕ್ಕೆ ಹಿಡಿಯುವುದು ಬೇರೆ. ಅವನ ಅಂಕಪಟ್ಟಿಯಲ್ಲಿ ಎಲ್ಲ ಸಬ್ಜೆಕ್ಟೂ ದಾಖಲಾಗುತ್ತವೆ. ಆದರೆ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಬೇಕಾದ ಪಟ್ಟಿಯಲ್ಲಿ ಆ ಸಬ್ಜೆಕ್ಟು ಇಲ್ಲದಿದ್ದರೆ ಅದು ಸುಮ್ನೆ ಅಂಕಪಟ್ಟಿಯಲ್ಲಿ ಕೂತಿರುತ್ತದೆ, ಅಷ್ಟೆ. ನಾವು ಕೇಳಬೇಕಿದ್ದದ್ದು ಇದು: ಯಾವ ವಿಶ್ವವಿದ್ಯಾಲಯದ ಯಾವ ಡಿಗ್ರಿಗೆ, ಯಾವ ಯಾವ ಸಬ್ಜೆಕ್ಟು ಲೆಕ್ಕಕ್ಕೆ ಬರುತ್ತದೆ?

ಭಾವನ ತಲೆಯಲ್ಲಿ ಇದ್ದದ್ದು ಕರ್ನಾಟಕದ ದಾರಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಸೀದಾ ಎರಡನೇ ವರ್ಷದ ಬಿಇ. ಕೆಳಗಿನ ಕೋರ್ಸು ಮೇಲಿನದಕ್ಕೆ ಮೆಟ್ಟಿಲು. ಇಲ್ಲೂ ಹಾಗೇ ಇರುತ್ತದೆ ಅಂತ ನಂಬಿದರು. ನಾನೂ ನಂಬಿದೆ. ಊರಲ್ಲಿ ಬಿಇ ಮುಗಿಸಿ ಇಲ್ಲಿ ಎಂಎಸ್ ಮಾಡಿದವನು ನಾನು. ಕಾರ್ಖಾನೆಯೊಂದರಲ್ಲಿ ಗುಣಮಟ್ಟದ ವಿಭಾಗದಲ್ಲಿ ಕೆಲಸ, ದಿನವೂ ಈ ಡಿಗ್ರಿ ಮಾಡಿದವರ ಪಕ್ಕದಲ್ಲೇ ಕೂರುತ್ತೇನೆ. ಆದರೆ ಕಮ್ಯುನಿಟಿ ಕಾಲೇಜಿನ ಬಾಗಿಲು ದಾಟಿದವನಲ್ಲ. ಗೊತ್ತಿಲ್ಲ ಅಂತ ಹೇಳಬೇಕಿತ್ತು, "ಆಗುತ್ತೆ ಬಿಡಿ ಭಾವ" ಅಂದುಬಿಟ್ಟೆ. ಅದರ ನೋವು ನನಗೆ ಇನ್ನೂ ಇದೆ.

ಇನ್ನೊಂದು ಗೊಂದಲ 'ಟೆಕ್ನಾಲಜಿ' ಅನ್ನುವ ಪದದ್ದು. ನಮ್ಮಲ್ಲಿ ಬಿಇ, ಬಿಟೆಕ್ ಎರಡೂ ಒಂದೇ ತೂಕ. ಟೆಕ್ನಾಲಜಿ ಅಂದರೆ ಒಂದು ಕೈ ಮೇಲೆ ಅಂತಲೇ ಕೆಲವರ ಭಾವನೆ. ಅಮೆರಿಕದಲ್ಲಿ ಎಂಜಿನಿಯರಿಂಗ್ ಮತ್ತು ಎಂಜಿನಿಯರಿಂಗ್ ಟೆಕ್ನಾಲಜಿ ಎರಡು ಬೇರೆ ಓದು. ಇದಕ್ಕೊಂದು ಇತಿಹಾಸ ಇದೆ. 1955ರಲ್ಲಿ ಬಂದ ಗ್ರಿಂಟರ್ ವರದಿ ಎಂಜಿನಿಯರಿಂಗ್ ಓದಿನಲ್ಲಿ ಗಣಿತ, ವಿಜ್ಞಾನ ಜಾಸ್ತಿ ಆಗಬೇಕು ಅಂದಿತು. ಎರಡೇ ವರ್ಷಕ್ಕೆ ರಷ್ಯಾದವರು ಸ್ಪುಟ್ನಿಕ್ ಹಾರಿಸಿದರು, ಆ ಒತ್ತಡ ಇನ್ನೂ ಹೆಚ್ಚಿತು. ಕಾಲೇಜುಗಳು ವರ್ಕ್‌ಶಾಪ್ ಕಡಿಮೆ ಮಾಡಿ ಥಿಯರಿ ಕಡೆ ಹೋದವು. ಯಂತ್ರ ಮುಟ್ಟಿ ಕೆಲಸ ಮಾಡುವವರ ಜಾಗ ಖಾಲಿ ಬಿತ್ತು. ಅಲ್ಲಿ ಎಂಜಿನಿಯರಿಂಗ್ ಟೆಕ್ನಾಲಜಿ ಬೆಳೆಯಿತು. ಈಗಲೂ ಮಾನ್ಯತೆ ಕೊಡುವ ಅಬೆಟ್ ಸಂಸ್ಥೆಯಲ್ಲಿ ಎರಡಕ್ಕೂ ಬೇರೆ ಬೇರೆ ಆಯೋಗಗಳಿವೆ. ನಾಲ್ಕು ವರ್ಷದ ಎಂಜಿನಿಯರಿಂಗ್ ಟೆಕ್ನಾಲಜಿ ಡಿಗ್ರಿ ಮಾಡಿದವರಿಗೂ ಪಿಇ (ಪ್ರೊಫೆಷನಲ್ ಎಂಜಿನಿಯರ್) ಲೈಸೆನ್ಸ್ ಕೊಡುವಾಗ ಕೆಲವು ರಾಜ್ಯಗಳು ಹೆಚ್ಚು ವರ್ಷದ ಅನುಭವ ಕೇಳುತ್ತವೆ, ಕೆಲವು ಕೊಡುವುದೇ ಇಲ್ಲ.

ಗಣಿತದ ಏಣಿ

ಎರಡು ದಾರಿ ಎಲ್ಲಿ ಬೇರೆಯಾಗುತ್ತದೆ ಅಂತ ನೋಡಲು ಫ್ಲಾರಿಡಾದಲ್ಲಿ ಒಂದು ಅನುಕೂಲ ಇದೆ. ರಾಜ್ಯದ ಎಲ್ಲ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳಲ್ಲೂ ಸಬ್ಜೆಕ್ಟಿನ ನಂಬರ್ ಒಂದೇ. ಎಂಎಸಿ 1105 ಅಂದರೆ ಕಾಲೇಜ್ ಆಲ್ಜೀಬ್ರಾ. ಎಂಎಸಿ 2311 ಅಂದರೆ ಕ್ಯಾಲ್ಕುಲಸ್ ಒಂದು. ಪಿಎಚ್‌ವೈ 2053 ಅಂದರೆ ಕ್ಯಾಲ್ಕುಲಸ್ ಇಲ್ಲದ ಭೌತಶಾಸ್ತ್ರ, 2048 ಅಂದರೆ ಕ್ಯಾಲ್ಕುಲಸ್ ಇರುವ ಭೌತಶಾಸ್ತ್ರ. ಈ ನಾಲ್ಕು ನಂಬರ್ ಗೊತ್ತಿದ್ದಿದ್ದರೆ ಸಾಕಿತ್ತು. ಎಂಜಿನಿಯರಿಂಗ್ ಡಿಗ್ರಿಗೆ ಬೇಕಾದದ್ದು 2311 ಮತ್ತು 2048. ನಮ್ಮ ಹುಡುಗ ತೆಗೆದುಕೊಂಡದ್ದು 1105 ಮತ್ತು 2053. ಟೆಕ್ನಾಲಜಿ ಡಿಗ್ರಿಗೆ ಅದು ಸಾಕು, ಸರಿಯಾಗಿಯೇ ಇದೆ. ಎಂಜಿನಿಯರಿಂಗ್‌ಗೆ ಅದು ಶುರುವೇ ಅಲ್ಲ.

ಏಣಿ ಹೀಗಿದೆ. 1105 ಆದ ಮೇಲೆ 1140 ಪ್ರೀಕ್ಯಾಲ್ಕುಲಸ್, ಅದರ ಜೊತೆ 1114 ತ್ರಿಕೋನಮಿತಿ. ಆಮೇಲೆ 2311, 2312, 2313 ಅಂತ ಮೂರು ಕ್ಯಾಲ್ಕುಲಸ್. ಕೊನೆಗೆ ಎಂಎಪಿ 2302 ಡಿಫರೆನ್ಷಿಯಲ್ ಈಕ್ವೇಷನ್ಸ್. ಒಂದು ಮುಗಿಸದೆ ಇನ್ನೊಂದಿಲ್ಲ. ಕೊನೆಯ ಎರಡನ್ನು ಒಟ್ಟಿಗೆ ತೆಗೆದುಕೊಂಡು, ಯಾವುದರಲ್ಲೂ ಫೇಲಾಗದೆ ಹತ್ತಿದರೂ ಕೆಳಗಿನಿಂದ ಐದು ಸೆಮಿಸ್ಟರ್ ಬೇಕು. ಎರಡು ವರ್ಷದ ಕೋರ್ಸಿನಲ್ಲಿ ಇರುವುದೇ ನಾಲ್ಕು ಸೆಮಿಸ್ಟರ್. ಅಂದರೆ ಎಂಜಿನಿಯರಿಂಗ್‌ಗೆ ಹೋಗುವವನು ಮೊದಲ ದಿನವೇ ಏಣಿಯ ಯಾವ ಮೆಟ್ಟಿಲ ಮೇಲೆ ನಿಲ್ಲುತ್ತಾನೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಂಥವರಿಗೆ ಅದೇ ಕಾಲೇಜಿನಲ್ಲಿ ಎಎ (ಅಸೋಸಿಯೇಟ್ ಇನ್ ಆರ್ಟ್ಸ್) ಅನ್ನುವ ಇನ್ನೊಂದು ಎರಡು ವರ್ಷದ ಡಿಗ್ರಿ ಇದೆ. ವಿಶ್ವವಿದ್ಯಾಲಯಕ್ಕೆ ದಾಟಿಸುವುದಕ್ಕೇ ಮಾಡಿದ ದಾರಿ ಅದು. ನಾವು ಹಿಡಿದದ್ದು ಎಎಸ್ (ಅಸೋಸಿಯೇಟ್ ಇನ್ ಸೈನ್ಸ್). ಅದನ್ನು ಮಾಡಿರುವುದು ಮುಖ್ಯವಾಗಿ ಕೆಲಸಕ್ಕೆ ಸೇರುವವರಿಗೆ. ಒಂದು ಅಕ್ಷರ ಬೇರೆ, ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆವು.

ಸೇರುವಾಗ ಹುಡುಗನಿಗೆ ಪರ್ಟ್ ಅನ್ನುವ ಪರೀಕ್ಷೆ ಕೊಟ್ಟಿದ್ದರು. ಅದು ಅಳೆಯುವುದು ಆಲ್ಜೀಬ್ರಾವರೆಗೆ ಮಾತ್ರ. ಅದರಲ್ಲಿ ಚೆನ್ನಾಗಿ ಮಾಡಿದ, 1105ಕ್ಕೆ ಹಾಕಿದರು. ಪಿಯುಸಿಯಲ್ಲಿ ಇಂಟಿಗ್ರೇಷನ್ ಓದಿದ ಹುಡುಗ ಮತ್ತೆ ಆಲ್ಜೀಬ್ರಾಕ್ಕೆ ಹೋಗಿ ಕೂತ. ಇವನೂ ಏನೂ ಹೇಳಲಿಲ್ಲ. ಪರೀಕ್ಷೆ ಬರೆಯದೆ ಪಾಸಾದವನು ತಾನು ಅನ್ನುವ ಅಳುಕು ಮನಸ್ಸಲ್ಲಿತ್ತು. "ಸುಲಭ ಇದೆ ಮಾವ, ಇರಲಿ" ಅಂದಿದ್ದ. ಕಾಲೇಜ್ ಬೋರ್ಡ್ ನಡೆಸುವ ಕ್ಲೆಪ್ ಪರೀಕ್ಷೆಗಳಿವೆ. ಎರಡು ತಿಂಗಳು ಪಿಯುಸಿ ಪುಸ್ತಕ ತಿರುವಿ ಹಾಕಿ ಕಾಲೇಜ್ ಆಲ್ಜೀಬ್ರಾ, ಪ್ರೀಕ್ಯಾಲ್ಕುಲಸ್ ಬರೆದಿದ್ದರೆ ಆ ಕ್ರೆಡಿಟ್ ಕೈಗೆ ಬರುತ್ತಿತ್ತು. ಕಾದು ಕೂತ ಆ 12 ತಿಂಗಳಲ್ಲಿ ಇದನ್ನು ಮಾಡಬಹುದಿತ್ತು. ಪಿಯುಸಿ ಸೈನ್ಸ್ ಮಾಡಿ ಬರುವ ನಮ್ಮ ಮಕ್ಕಳಿಗೆ ನಾನು ಈಗ ಮೊದಲು ಹೇಳುವುದು ಇದನ್ನೇ.

ಲ್ಯಾಬಿನಲ್ಲಿ ಕಂಡದ್ದು

ಇಷ್ಟು ಹೇಳಿ ನಿಲ್ಲಿಸಿದರೆ ಈ ಕೋರ್ಸಿಗೆ ಅನ್ಯಾಯ ಮಾಡಿದ ಹಾಗೆ. ಹುಡುಗ ಅಲ್ಲಿ ಕಲಿತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಫ್ಲಾರಿಡಾದಲ್ಲಿ ಈ ಡಿಗ್ರಿಯ ಮೊದಲ 18 ಕ್ರೆಡಿಟ್ ಎಲ್ಲರಿಗೂ ಒಂದೇ. ಕ್ಯಾಡ್, ಎಲೆಕ್ಟ್ರಿಸಿಟಿ, ಕ್ವಾಲಿಟಿ, ತಯಾರಿಕೆಯ ವಿಧಾನಗಳು ಮತ್ತು ಲೋಹ-ಪ್ಲಾಸ್ಟಿಕ್‌ಗಳ ಗುಣ, ಅಳತೆ ಉಪಕರಣ, ಕಾರ್ಖಾನೆ ಸುರಕ್ಷತೆ. ಹೀಗೆ ಆರು ಸಬ್ಜೆಕ್ಟು. ಆಮೇಲೆ ಹೈಡ್ರಾಲಿಕ್ಸ್, ನ್ಯೂಮ್ಯಾಟಿಕ್ಸ್, ಮೋಟಾರು, ಪಿಎಲ್‌ಸಿ (ಯಂತ್ರಗಳನ್ನು ಪ್ರೋಗ್ರಾಮಿನಿಂದ ನಡೆಸುವ ಪುಟ್ಟ ಕಂಪ್ಯೂಟರ್). ಒಂದರಲ್ಲೇ ಆಳಕ್ಕೆ ಇಳಿಯುವುದಿಲ್ಲ, ಎಲ್ಲಕ್ಕೂ ಕೈ ಹಾಕಿಸುತ್ತಾರೆ. ಅದನ್ನು ಕೊರತೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಲೈನ್ ನಿಂತಾಗ ಅದು ಕರೆಂಟಿನ ತೊಂದರೆಯೋ, ಗಾಳಿಯ ಒತ್ತಡದ್ದೋ, ಪ್ರೋಗ್ರಾಮಿನದೋ ಅಂತ ಮೊದಲೇ ಹೇಳಿ ನಿಲ್ಲುವುದಿಲ್ಲ. ಎಲ್ಲದರ ಪರಿಚಯ ಇರುವವನೇ ಅಲ್ಲಿ ಬೇಕು.

2023ರ ಏಪ್ರಿಲ್‌ನಲ್ಲಿ ಮನೆಯವರು ಬಂದು ಲ್ಯಾಬ್ ನೋಡುವ ದಿನ ಇತ್ತು. ಭಾವ ರಾತ್ರಿ ಪಾಳಿ ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಹುಡುಗ ಒಂದು ಹಲಗೆಯ ಮೇಲೆ ಸ್ಟಾರ್ಟ್-ಸ್ಟಾಪ್ ಸರ್ಕ್ಯೂಟ್ ಜೋಡಿಸಿದ್ದ. ಹಸಿರು ಬಟನ್ ಒತ್ತಿದರೆ ಮೋಟಾರು ತಿರುಗುತ್ತದೆ, ಕೈ ತೆಗೆದರೂ ನಿಲ್ಲುವುದಿಲ್ಲ. ಕೆಂಪು ಒತ್ತಿದರೆ ನಿಲ್ಲುತ್ತದೆ. ಭಾವನಿಗೆ ಇದೇನು ಹೊಸದೇ? ಪೀಣ್ಯದಲ್ಲಿ ಸಾವಿರ ಸಲ ಮಾಡಿದ್ದು. ಆದರೆ ಕಂಪ್ಯೂಟರ್ ಪರದೆಯ ಮೇಲಿನ ಚಿತ್ರ ನೋಡಿ ಅವರು ತಡೆದರು. "ಸ್ಟಾಪ್ ಬಟನ್ ಓಪನ್ ಅಂತ ಹಾಕಿದ್ದೀಯಲ್ಲೋ. ಅದು ಕ್ಲೋಸ್ ಇರಬೇಕು. ತಪ್ಪು."

ಪ್ರೋಗ್ರಾಮ್ ಇಲ್ಲದೆ ಬರೀ ವೈರಿನಲ್ಲೇ ಕಟ್ಟಿದ ಹಳೇ ರಿಲೇ ಪ್ಯಾನೆಲ್‌ನಲ್ಲಾದರೆ ಅವರು ಹೇಳಿದ್ದು ಸರಿ. ಸ್ಟಾಪ್ ಬಟನ್ ಸುಮ್ಮನಿದ್ದಾಗ ಮುಚ್ಚಿಕೊಂಡೇ ಇರಬೇಕು, ಅದರೊಳಗೆ ಕರೆಂಟು ಹರಿಯುತ್ತಲೇ ಇರಬೇಕು. ಯಾಕೆಂದರೆ ವೈರ್ ತುಂಡಾದರೆ ಯಂತ್ರ ತಾನಾಗಿ ನಿಲ್ಲಬೇಕು. ಹುಡುಗ ಅದನ್ನೇ ಕಟ್ಟಿದ್ದ. ಬಟನ್ ಕ್ಲೋಸ್ ಆಗಿಯೇ ಇತ್ತು. ಅವನು ಬೋರ್ಡಿನ ಮೇಲೆ ಹೊತ್ತಿಕೊಂಡಿದ್ದ ಒಂದು ಸಣ್ಣ ದೀಪ ತೋರಿಸಿದ. "ನೋಡಪ್ಪ, ಬಟನ್ ಕ್ಲೋಸ್ ಇರೋದ್ರಿಂದ ಈ ಇನ್‌ಪುಟ್‌ಗೆ ಯಾವಾಗ್ಲೂ ಕರೆಂಟ್ ಬರ್ತಾ ಇದೆ. ಪ್ರೋಗ್ರಾಮಲ್ಲಿ ಇರೋದು ಬಟನ್ ಚಿತ್ರ ಅಲ್ಲ. 'ಇಲ್ಲಿ ಕರೆಂಟ್ ಇದೆಯಾ' ಅನ್ನೋ ಪ್ರಶ್ನೆ. ಇದೆ ಅಂದ್ರೆ ಓಡಿಸು. ಆ ಪ್ರಶ್ನೆಗೆ ಗುರುತು ಹೀಗೆ, ಓಪನ್ ಥರ ಕಾಣುತ್ತೆ." ಆಮೇಲೆ ಮೇಷ್ಟ್ರ ಒಪ್ಪಿಗೆ ಕೇಳಿ ಸ್ಟಾಪ್ ಬಟನ್ನಿನ ವೈರ್ ಕಿತ್ತ. ದೀಪ ಆರಿತು, ಮೋಟಾರು ನಿಂತಿತು.

ಭಾವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಇನ್ನೊಂದ್ಸಲ ಮಾಡು" ಅಂದರು. ಮಾಡಿದ. ಕಾರಿನಲ್ಲಿ ಮನೆಗೆ ಬರುವಾಗ ನನಗೆ ಹೇಳಿದರು: ಪೀಣ್ಯದಲ್ಲಿ ಹೊಸ ಪಿಎಲ್‌ಸಿ ಪ್ಯಾನೆಲ್ ಬಂದಾಗ ಕಂಪನಿಯವರು ಬಿಇ ಹುಡುಗರನ್ನು ಮಾತ್ರ ಟ್ರೈನಿಂಗ್‌ಗೆ ಕಳಿಸಿದ್ದರಂತೆ. ಆ ಗುರುತು ಯಾಕೆ ಉಲ್ಟಾ ಇದೆ ಅಂತ ಭಾವನಿಗೆ ಯಾರೂ ಹೇಳಿರಲಿಲ್ಲ. ಕೇಳುವುದಕ್ಕೆ ಸಂಕೋಚ.

ತೀರ್ಮಾನ

ಫೆಬ್ರವರಿಯ ಆ ಹಾಳೆಯ ಮುಂದೆ ಮೂರು ದಾರಿ ಇತ್ತು. ಇದನ್ನು ಬಿಟ್ಟು ಎಎ ಶುರು ಮಾಡುವುದು. ಇದನ್ನು ಮುಗಿಸಿ ನಾಲ್ಕು ವರ್ಷದ ಎಂಜಿನಿಯರಿಂಗ್ ಟೆಕ್ನಾಲಜಿ ಡಿಗ್ರಿಗೆ ಹೋಗುವುದು. ಫ್ಲಾರಿಡಾದಲ್ಲಿ ಡೇಟೋನಾ ಸ್ಟೇಟ್ ಕಾಲೇಜಿನಂಥ ಕಡೆ ಆ ಡಿಗ್ರಿ ಇದೆ, ಲ್ಯಾಬಿನ ಸಬ್ಜೆಕ್ಟುಗಳಿಗೆ ಬೆಲೆ ಸಿಗುವುದು ಅಂಥ ಡಿಗ್ರಿಯಲ್ಲೇ. ಇಲ್ಲವೇ ಮುಗಿಸಿ, ಕೆಲಸಕ್ಕೆ ಸೇರಿ, ಸಂಜೆ ಹೊತ್ತು ಗಣಿತದ ಏಣಿ ಹತ್ತುವುದು.

ಭಾವನಿಗೆ ಮೊದಲನೆಯದೇ ಆಗಬೇಕಿತ್ತು. ನಾನು ಎರಡನೆಯದು ಅಂದೆ. ನನ್ನ ಅನುಭವದಲ್ಲಿ ಆ ಡಿಗ್ರಿ ಮಾಡಿದವರು ಕಾರ್ಖಾನೆಗಳಲ್ಲಿ ಎಂಜಿನಿಯರ್ ಹುದ್ದೆಯಲ್ಲೇ ಇದ್ದಾರೆ, ಚೆನ್ನಾಗಿದ್ದಾರೆ. ಹುಡುಗ ಎರಡು ವಾರ ಯೋಚಿಸಿ ಮೂರನೆಯದು ಅಂದ. "ಅಪ್ಪಂಗೋಸ್ಕರ ಅಲ್ಲ ಮಾವ. ಆ ಮೋಟಾರ್ ಯಾಕೆ ಅಷ್ಟೇ ಟಾರ್ಕ್ ಕೊಡುತ್ತೆ ಅಂತ ಲೆಕ್ಕ ಹಾಕೋದು ನಂಗೆ ಬರಬೇಕು."

ಮೇ ತಿಂಗಳಲ್ಲಿ ಡಿಗ್ರಿ ಮುಗಿಯಿತು. ಜೂನ್‌ನಲ್ಲಿ ಬಾಟಲಿ ತುಂಬುವ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಟೆಕ್ನಿಷಿಯನ್ ಕೆಲಸ ಸಿಕ್ಕಿತು, ಗಂಟೆಗೆ 26 ಡಾಲರ್. ಮೊದಲ ದಿನ ಕೊಟ್ಟದ್ದು ಆರು ಕೆಂಪು ಬೀಗ, ಒಂದೊಂದರ ಮೇಲೂ ಅವನ ಹೆಸರು, ಫೋಟೋ. ಯಂತ್ರದೊಳಗೆ ಕೈ ಹಾಕುವ ಮೊದಲು ಕರೆಂಟು ಬಂದ್ ಮಾಡಿ, ಸ್ವಿಚ್ಚಿಗೆ ತನ್ನ ಬೀಗ ಹಾಕಿ, ಬೀಗದ ಕೈ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಬೇರೆ ಯಾರೂ ಅದನ್ನು ತೆಗೆಯುವ ಹಾಗಿಲ್ಲ. ಭಾವ ಒಂದು ಬೀಗ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡ ಇಬ್ಬರನ್ನು ಅವರು ತಾವೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು.

ಕಾರ್ಖಾನೆಯವರು ಓದಿನ ಫೀಸು ಕೊಡುತ್ತಾರೆ. ಇಲ್ಲಿ ಕಂಪನಿ ವರ್ಷಕ್ಕೆ 5,250 ಡಾಲರ್‌ವರೆಗೆ ಓದಿಗೆ ಕೊಟ್ಟರೆ ನೌಕರನಿಗೆ ಅದರ ಮೇಲೆ ತೆರಿಗೆ ಇಲ್ಲ. ಕಮ್ಯುನಿಟಿ ಕಾಲೇಜಿನ ಫೀಸಿಗೆ ಅದು ಧಾರಾಳ. ಪೆಲ್ ಗ್ರಾಂಟ್ ಜೀವನಪೂರ್ತಿ ಸೇರಿ ಪೂರ್ಣಾವಧಿಯ 12 ಸೆಮಿಸ್ಟರ್‌ಗೆ ಮಾತ್ರ. ಇವನದು ನಾಲ್ಕು ಖರ್ಚಾಗಿದೆ. ಉಳಿದ ಎಂಟನ್ನು ಮುಂದೆ ವಿಶ್ವವಿದ್ಯಾಲಯಕ್ಕೆ ಅಂತ ಇಟ್ಟುಕೊಂಡಿದ್ದಾನೆ.

2024ರ ಆಗಸ್ಟ್‌ನಲ್ಲಿ 1140, ಜೊತೆಗೆ 1114. 2025ರ ಜನವರಿಯಲ್ಲಿ 2311. ಕಷ್ಟ ಇದ್ದದ್ದು ಗಣಿತದಲ್ಲಿ ಅಲ್ಲ, ಪಾಳಿಯಲ್ಲಿ. ಹನ್ನೆರಡು ಗಂಟೆಯ ಪಾಳಿ: ಎರಡು ದಿನ ಕೆಲಸ, ಎರಡು ದಿನ ರಜೆ, ಮೂರು ದಿನ ಕೆಲಸ. ಮುಂದಿನ ವಾರ ಅದು ಉಲ್ಟಾ. ಕ್ಲಾಸು ಸೋಮವಾರ, ಬುಧವಾರ ಸಂಜೆ. ಒಂದು ವಾರ ಸೋಮವಾರ ಕೆಲಸ ಬಂದರೆ ಮರುವಾರ ಬುಧವಾರ. ಜೊತೆಯ ಟೆಕ್ನಿಷಿಯನ್ ಒಬ್ಬರು ಸೆಮಿಸ್ಟರ್ ಪೂರ್ತಿ ಆ ಸಂಜೆಗಳ ಕೊನೆಯ ನಾಲ್ಕು ಗಂಟೆ ಇವನ ಬದಲು ನಿಂತರು. ಬದಲಿಗೆ ಇವನು ಅವರ ಭಾನುವಾರದ ಬೆಳಗಿನ ಹೊತ್ತು ನಿಂತ. ಮೇ ತಿಂಗಳಲ್ಲಿ ಬಿ ಗ್ರೇಡ್ ಬಂತು.

ಈ ನಡುವೆ ಇನ್ನೊಂದಾಯಿತು. ಎಂಎಸ್ಎಸ್‌ಸಿ ಅನ್ನುವ ಸಂಸ್ಥೆಯ ಸರ್ಟಿಫೈಡ್ ಪ್ರೊಡಕ್ಷನ್ ಟೆಕ್ನಿಷಿಯನ್ ಪರೀಕ್ಷೆ ಪಾಸಾದರೆ ಫ್ಲಾರಿಡಾದಲ್ಲಿ ಎಂಜಿನಿಯರಿಂಗ್ ಟೆಕ್ನಾಲಜಿಯ ಎಎಸ್ ಡಿಗ್ರಿಯ 15 ಕ್ರೆಡಿಟ್ ಸಿಗುತ್ತದೆ. ಸುರಕ್ಷತೆ, ಗುಣಮಟ್ಟ ಮತ್ತು ಅಳತೆ, ತಯಾರಿಕೆ, ಯಂತ್ರ ನಿರ್ವಹಣೆ ಅಂತ ನಾಲ್ಕು ಭಾಗ. ಪೀಣ್ಯದಲ್ಲಿ ಇಪ್ಪತ್ತೈದು ವರ್ಷ ಕಳೆದವರಿಗೆ ಅದರಲ್ಲಿ ಹೊಸದು ಬಹಳ ಕಡಿಮೆ, ಇಂಗ್ಲಿಷಿನದೇ ಹೆಚ್ಚು ತೊಡಕು. ಭಾವ ಎರಡು ಭಾಗ ಪಾಸಾಗಿದ್ದಾರೆ. ಅಳತೆಯ ಭಾಗಕ್ಕೆ ಅವರನ್ನು ತಯಾರು ಮಾಡಿದ್ದು ಮಗ. ಮಿಲಿಮೀಟರ್‌ನಲ್ಲಿ ಕೈ ಪಳಗಿದವರಿಗೆ ಇಂಚಿನ ಮೈಕ್ರೋಮೀಟರ್ ಕೊಟ್ಟು, ಒಂದು ಇಂಚಿನ ಸಾವಿರದಲ್ಲೊಂದು ಭಾಗ ಅಂದರೆ 25.4 ಮೈಕ್ರಾನ್ ಅಂತ ಅದೇ ಊಟದ ಟೇಬಲ್ ಮೇಲೆ ಹೇಳಿಕೊಟ್ಟ. ಮೂರನೇ ಭಾಗದ ಪುಸ್ತಕ ಈಗ ಅಲ್ಲೇ ಇದೆ, ಮಗನ 2312ರ ಪುಸ್ತಕದ ಪಕ್ಕದಲ್ಲಿ.